ಕೈ ಸುಡದ ಅಪ್ಪ

ಮೊಮ್ಮಗಳು ಕೊಟ್ಟ ಈ ಫೋನು ನನ್ನ ಬೆರಳನ್ನು ಬೆರಳೆಂದು ಒಪ್ಪುವುದಿಲ್ಲ. ಹೆಬ್ಬೆಟ್ಟು ಇಟ್ಟರೆ ಒಮ್ಮೆ ಗುರ್ ಎಂದು ನಡುಗಿ, ಇನ್ನೊಮ್ಮೆ ಇಡು ಎನ್ನುತ್ತದೆ. ತೋರುಬೆರಳಿಂದ ಅಕ್ಷರ ಒತ್ತಿದರೆ ಕಿವುಡರಂತೆ ಸುಮ್ಮನಿರುತ್ತದೆ. ಕಡೆಗೆ ಕಿರುಬೆರಳು ಅದಕ್ಕೆ ಒಪ್ಪಿಗೆಯಾಯಿತು. ಇದನ್ನೆಲ್ಲ ಕಿರುಬೆರಳಲ್ಲೇ ಬರೆಯುತ್ತಿದ್ದೇನೆ.

"ಆಯೀ, ನಿನ್ನ ಬೆರಳಿಗಿ ಚರ್ಮಾನೇ ಇಲ್ಲ, ನೆಲಕ್ಕ ಹಾಸೋ ಫರ್ಸಿ ಕಲ್ಲು ಅದ" ಎಂದು ಮೊಮ್ಮಗಳು ನಕ್ಕಳು. ಅವಳ ತಾಯಿ, ಅಂದರೆ ನನ್ನ ಮಗಳು, ನಗಲಿಲ್ಲ. ನನ್ನ ಕಡೆ ಒಂದು ಸಲ ನೋಡಿದಳು. ಇಬ್ಬರಿಗೂ ಒಂದೇ ನೆನಪು ಬಂದಿತ್ತು.

ಅವಳಿಗೆ ಆಗ ಐದು ವರ್ಷ. ನಾವು ಶಹಾಬಾದಿನಲ್ಲಿ, ಕಲ್ಲಿನ ಖಣಿಗೆ ಹೋಗುವ ದಾರಿಯ ಓಣಿಯಲ್ಲಿದ್ದೆವು. ನಮ್ಮ ಯಜಮಾನರು ಮಗಳಿಗೆ ಎರಡು ತುಂಬುವ ಮೊದಲೇ ಸೌದಿಗೆ ಹೋಗಿದ್ದರು. ಗೋದಾಮಿನ ಬೀಗ ನೋಡಿಕೊಳ್ಳುವ ಕೆಲಸ, ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂಡುವುದಷ್ಟೇ ಎಂದು ಪತ್ರ ಬರೆಯುತ್ತಿದ್ದರು. ಪ್ರತಿ ಪತ್ರದ ಕೊನೆಗೂ ಒಂದೇ ಮಾತು: ಮಗಳು ನನ್ನ ಗುರುತು ಹಿಡಿಯುತ್ತಾಳೆಯೇ? ನಾನು ಗೋಡೆಯ ಮೇಲಿನ ಫೋಟೋ ತೋರಿಸಿ ದಿನಾ ಪಾಠ ಹೇಳುತ್ತಿದ್ದೆ. ಇವರು ಅಪ್ಪ, ಇದು ಅಪ್ಪನ ಮೀಸೆ. ಅವಳು ಮೀಸೆಗೊಂದು ಮುತ್ತು ಕೊಟ್ಟು ಮಲಗುತ್ತಿದ್ದಳು.

ಓಣಿಗೆಲ್ಲ ಇದ್ದದ್ದು ಒಂದೇ ಟಿವಿ, ಪಕ್ಕದ ಮನೆಯಾಕೆಯದು, ಓಣಿಯೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದವಳದು. ಕಪ್ಪು ಬಿಳುಪು, ಎರಡು ಕಡೆ ಎಳೆಯುವ ಬಾಗಿಲು, ಮೇಲೆ ಕಸೂತಿಯ ಬಟ್ಟೆ. ಭಾನುವಾರ ಬೆಳಿಗ್ಗೆ ಹಿಂದಿಯಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ನಕ್ಷತ್ರಗಳ ನಡುವೆ ಕಬ್ಬಿಣದ ಹಡಗು, ಹೊಳೆಯುವ ಬಟ್ಟೆಯ ಜನ, ತಾನಾಗಿ ತೆರೆದುಕೊಳ್ಳುವ ಬಾಗಿಲು. ನಾವು ಹೆಂಗಸರು ಹೆಸರುಕಾಳು ಆರಿಸುವ ಮೊರ ತಂದುಕೊಂಡೇ ಕೂಡುತ್ತಿದ್ದೆವು, ಮಗಳು ನನ್ನ ಮಗ್ಗುಲಲ್ಲಿ. ಅರ್ಥವಾಗದಿದ್ದರೆ ಖಾಲಾ ಬಿಡಿಸಿ ಹೇಳುತ್ತಿದ್ದಳು.

ಆ ಭಾನುವಾರದ ಕಂತು ಮಾತ್ರ ಮೊರ ಮರೆಸಿಬಿಟ್ಟಿತು. ಎಷ್ಟೋ ವರ್ಷ ಆಕಾಶದಲ್ಲಿದ್ದ ಗಂಡ ಮನೆಗೆ ಬರುತ್ತಾನೆ. ಅದೇ ಮುಖ, ಅದೇ ದನಿ. ಹೆಂಡತಿ ಓಡಿಹೋಗಿ ಕೈ ಹಿಡಿಯುತ್ತಾಳೆ. ಇವರೇ ನಿನ್ನ ಅಪ್ಪ ಎಂದು ಅವಳು ಎಷ್ಟು ಹೇಳಿದರೂ ಸಣ್ಣ ಮಗ ಮಾತ್ರ ಮಂಚದ ಹಿಂದೆ ಅಡಗುತ್ತಾನೆ. ಒಲೆಯ ಮೇಲೆ ನೀರು ಕೊತಕೊತ ಕುದಿಯುತ್ತಿರುತ್ತದೆ. ಗಂಡ ನಗುತ್ತಲೇ ಆ ಪಾತ್ರೆಯನ್ನು ಎರಡೂ ಬರಿಗೈಯಲ್ಲಿ ಎತ್ತಿ ಹಿಡಿದು ನಿಲ್ಲುತ್ತಾನೆ. ಕೈಯಿಂದ ಸಣ್ಣಗೆ ಹೊಗೆ ಬರುತ್ತದೆ. ಅವನು ನಗುತ್ತಲೇ ಇರುತ್ತಾನೆ.

"ಯಾ ಅಲ್ಲಾ! ಅಂವ ಅಂವಲ್ಲ!" ಎಂದು ಖಾಲಾ ಸೆರಗು ಬಾಯಿಗೆ ತುರುಕಿಕೊಂಡಳು.

ಟಿವಿಯ ಮಂದಿ ಅದಕ್ಕೊಂದು ದೊಡ್ಡ ಕಾರಣ ಹೇಳಿದರು, ಯಾವುದೋ ನಕ್ಷತ್ರ, ಯಾವುದೋ ಜೀವಿ. ನಮ್ಮತ್ತೆಗೆ ಅದು ಒಪ್ಪಿಗೆಯಾಗಲಿಲ್ಲ.

"ಎಲ್ಲಾ ಅಕೀದೇ ತಪ್ಪು. ಅಷ್ಟು ದೂರದಿಂದ ಬಂದಾನ, ಹೊಸ್ತಿಲದಾಗ ನಿಂದ್ರಿಸಿ ದೃಷ್ಟಿ ತೆಗೀಲಿಕ್ಕ ರೊಟ್ಟಿ ನೀರು ಇಳಿಸಿ ಒಗದಾಳೇನು? ಹಂಗೇ ಒಳಗ ಕರ್ಕೊಂಡ್ಳು. ಬೆನ್ನ ಹತ್ತಿದ್ದು ಒಳಗ ಬಂತು."

"ಖರೇ ಅದ ಬುವಾ," ಎಂದು ಖಾಲಾ ಅತ್ತೆಗೆ ತಲೆದೂಗಿದಳು. "ನಾವಾದ್ರೂ ಮೆಣಸಿನಕಾಯಿ ಸುಡ್ತೀವಿ. ಅಕಿ ಚಹಾಕ್ಕ ನೀರ ಇಟ್ಳು!"

ಆ ವಾರ ಓಣಿಯ ಗಂಡಸರ ಪಾಡು ಕೇಳಬೇಡಿ. ಖಣಿಯಿಂದ ಬಂದವನಿಗೂ ರೊಟ್ಟಿ ನೀರು, ಸೇಡಂನಿಂದ ಬಸ್ಸಿಳಿದು ಬಂದವನಿಗೂ ರೊಟ್ಟಿ ನೀರು. "ನಾ ಪಾನ್ ತಿನ್ಲಿಕ್ಕ ಹೋಗಿದ್ದೆ, ಆಕಾಶಕ್ಕಲ್ಲ" ಎಂದು ಒಬ್ಬರು ಹೊಸ್ತಿಲಲ್ಲಿ ನಿಂತು ಕೂಗಾಡಿದ್ದು ಇನ್ನೂ ಕಿವಿಯಲ್ಲಿದೆ. ಬೀದಿನಾಯಿಗಳು ಮಾತ್ರ ದುಂಡಗಾದವು.

ನಾನು ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಮ್ಮನಿರುವ ಗುಣ ನನಗೆ ಇಲ್ಲ. ಮಗಳು ಹಾಲು ಕುಡಿಯಲೊಲ್ಲೆ ಎಂದು ಹಟ ಮಾಡಿದಾಗ ಕಣ್ಣು ದೊಡ್ಡದು ಮಾಡಿ ಹೇಳಿದೆ: "ನಕ್ಷತ್ರದ ಮಂದಿ ನಮ್ಮ ಊರಾಗೂ ಬಂದಾರಂತ. ಮಾರಿ ನೋಡಿದ್ರ ಗೊತ್ತಾಗಂಗಿಲ್ಲ. ಕೈ ನೋಡ್ಬೇಕು. ಕೈ ಸುಡಲಾರದವ್ರು ಅವ್ರೇ. ಲಗೂನ ಕುಡಿ."

ಹಾಲು ಗಟಗಟ ಖಾಲಿಯಾಯಿತು. ಮರುದಿನದಿಂದ ಅವಳು ಕಾವಲಿಗೆ ಕುಳಿತಳು. ಮನೆಗೆ ಯಾರೇ ಬರಲಿ, ಚಹಾ ಕೊಡುವವರೆಗೆ ಕದಲುವುದಿಲ್ಲ. ಖಾಲಾನ ಗಂಡ, ಮಗಳು ಅಜ್ಜ ಎನ್ನುತ್ತಿದ್ದವರು, ಚಹಾವನ್ನು ಕಪ್ಪಿನ ಕೆಳಗಿನ ಬಸಿಗೆ ಸುರಿದುಕೊಂಡು ಊದಿ ಊದಿ ಕುಡಿದರು. "ಇವರು ಮನಿಷ್ಯಾರೇ" ಎಂದು ನನ್ನ ಕಿವಿಯಲ್ಲಿ ತೀರ್ಪು ಕೊಟ್ಟಳು. ಅಂಚೆಯವನೂ ಊದಿದ, ಪಾಸಾದ. ನಾನು ಒಳಗೆ ಹೋಗಿ ಹೊಟ್ಟೆ ಹಿಡಿದು ನಗುತ್ತಿದ್ದೆ.

ಮುಂದಿನ ಮಂಗಳವಾರ ಮಧ್ಯಾಹ್ನ ಇವರು, ನಮ್ಮ ಯಜಮಾನರು, ಸೌದಿಯಿಂದ ಬಂದರು. ಮುಂಬಯಿ ಗಾಡಿ ನಮ್ಮಲ್ಲಿ ನಿಲ್ಲದೆ ಮುಂದಕ್ಕೆ ಹೋಗುತ್ತಿತ್ತು. ವಾಡಿಯಲ್ಲಿ ಇಳಿದು ಪ್ಯಾಸೆಂಜರ್ ಹಿಡಿದು ಹಿಂದಕ್ಕೆ ಬಂದಿದ್ದರು. ಅತ್ತೆ ಹೊಸ್ತಿಲಲ್ಲಿ ನಿಲ್ಲಿಸಿ ಮೂರು ಸುತ್ತು ರೊಟ್ಟಿ ನೀರು ಇಳಿಸಿದರು. ಇವರು ಸೊರಗಿದ್ದರು, ಮೀಸೆ ತೆಳ್ಳಗಾಗಿತ್ತು. ನನಗೇ ಒಂದು ಗಳಿಗೆ, ಸುಳ್ಳೇಕೆ ಹೇಳಲಿ, ಹೊರಗಿನವರು ಯಾರೋ ಬಂದಂತಾಯಿತು.

"ಬಾರವಾ, ಗುರುತು ಸಿಕ್ತೇನು?" ಎಂದು ಮೊಳಕಾಲೂರಿ ಕುಳಿತು ಕೈ ಚಾಚಿದರು. ಮಗಳು ಫೋಟೋ ನೋಡಿದಳು, ಇವರನ್ನು ನೋಡಿದಳು, ಮತ್ತೆ ಫೋಟೋ. ಮೆಲ್ಲಗೆ ಬಂದು ಮೀಸೆಗೆ ಒಂದು ಬೆರಳು ಮುಟ್ಟಿಸಿದಳು. ತೊಡೆಯ ತುದಿಯಲ್ಲಿ ಕುಳಿತಳು. ಇವರು ಉಸಿರು ಬಿಗಿಹಿಡಿದಿದ್ದರು, ಅಲುಗಿದರೆ ಹಕ್ಕಿ ಹಾರಿಹೋದೀತು ಎನ್ನುವ ಹಾಗೆ.

ಅಷ್ಟರಲ್ಲಿ ಒಲೆಯ ಮೇಲಿನ ಚಹಾ ಉಕ್ಕಿತು. ನಾನು ಬಟ್ಟೆ ಹುಡುಕುತ್ತಿದ್ದೆ. ಇವರು ಮಗಳನ್ನು ಕೆಳಗಿಳಿಸಿ ಎದ್ದು, ಏನೋ ಹೇಳುತ್ತ, ನಗುತ್ತ, ಕುದಿಯುವ ಪಾತೇಲಿಯನ್ನು ಬರಿಗೈಯಲ್ಲಿ ಎತ್ತಿ ಕೆಳಗಿಟ್ಟರು. ಅವಸರವಿಲ್ಲದೆ.

ಮಗಳ ಕಿರುಚಾಟ ಸ್ಟೇಷನ್ನಿಗೆ ಕೇಳಿರಬೇಕು. "ಅಪ್ಪ ಅಲ್ಲ! ಇಂವ ಅಪ್ಪ ಅಲ್ಲ!" ಒಂದೇ ಓಟಕ್ಕೆ ಖಾಲಾನ ಮನೆ ಸೇರಿ, ಮಂಚದ ಕೆಳಗೆ ಹೊಕ್ಕಳು.

ಇವರು ಖಾಲಿ ಕೈ ಚಾಚಿಕೊಂಡು ನಿಂತೇ ಇದ್ದರು. "ಏನಾತು? ನಾ ಏನ್ ಮಾಡ್ದೆ?" ನನಗೆ ನಗು ಬಂತು, ಟಿವಿಯ ಕಥೆ ಹೇಳೋಣವೆಂದು ಕೈ ಹಿಡಿದೆ. ನಗು ಅಲ್ಲೇ ನಿಂತಿತು. ಅಂಗೈ ನಮ್ಮ ನೆಲದ ಕಲ್ಲಿನಂತೆ ಗಟ್ಟಿಯಾಗಿತ್ತು. ಮೊಳಕೈವರೆಗೆ ಹಳೆಯ ಸುಟ್ಟ ಕಲೆಗಳು.

"ಗೋದಾಮಿನ ಬೀಗ ಅಂತ ಬರೀತಿದ್ರಿ."

"ರೊಟ್ಟಿ ಸುಡೋ ಭಟ್ಟಿ ಮುಂದ ಇದ್ದೆ," ಎಂದರು. "ಮೊದಲ್ನೇ ತಿಂಗಳ ಗುಳ್ಳಿ ಬಂದ್ವು. ಆಮ್ಯಾಲ ಏನೂ ಗೊತ್ತಾಗಲಿಲ್ಲ."

"ಮೂರೂ ವರ್ಷ?"

"ನೀ ಅಳ್ತಿದ್ದಿ ಅಂತ ಬರೀಲಿಲ್ಲ."

ನಾನು ಅಳಲಿಲ್ಲ. ಅಳುವ ಸರದಿ ಅವರದಾಗಿತ್ತು. ಯಾವ ಕೈಯಿಂದ ಮಗಳಿಗಾಗಿ ದುಡಿದರೋ ಅದೇ ಕೈಗೆ ಅವಳು ಹೆದರಿ ಓಡಿದ್ದಳು. ಹೆದರಿಸಿದವಳು ನಾನು.

ಎರಡು ದಿನ ಅವಳು ಖಾಲಾನ ಮನೆಯಲ್ಲೇ ಉಂಡಳು, ಅಲ್ಲೇ ಮಲಗಿದಳು. ಇವರು ನಮ್ಮ ಮನೆಯ ಹೊರಗಿನ ಕಟ್ಟೆಯ ಮೇಲೆ, ಅವಳಿಗೆ ಕಾಣುವ ಹಾಗೆ ಕೂಡುತ್ತಿದ್ದರು. ಅವಳು ಬಾಗಿಲ ಸಂದಿಯಿಂದ ಕಾಯುತ್ತಿದ್ದಳು. ಟಿವಿಯದು ಸುಳ್ಳು, ನಾನು ಹೇಳಿದ್ದೂ ಸುಳ್ಳು, ಇವರು ನಿನ್ನ ಅಪ್ಪನೇ ಎಂದು ಆಣೆ ಮಾಡಿದೆ.

"ಟಿವ್ಯಾಗಿನಾಕೀನೂ ಹಂಗೇ ಅಂದಿದ್ಳು," ಎಂದಳು.



ಮೂರನೆಯ ದಿನ ನನ್ನ ಕೈಯ ಬಿಸಿ ಜೋಳದ ರೊಟ್ಟಿಯೇ ಬೇಕೆನಿಸಿ ಹಿತ್ತಲ ಬಾಗಿಲಿಂದ ಅಡುಗೆಮನೆಗೆ ನುಸುಳಿ ಬಂದಳು. ನಾನು ಮಾತಾಡಿಸದೆ ರೊಟ್ಟಿ ಬಡಿದೆ. ಹಂಚಿಗೆ ಹಾಕಿ ನೀರು ಸವರಿ, ದಿನಾ ಮಾಡುವ ಹಾಗೆ, ಬೆರಳಿಂದ ಎತ್ತಿ ತಿರುವಿ ಹಾಕಿದೆ. ಅವಳು ಅದನ್ನು ಹುಟ್ಟಿದಾಗಿನಿಂದ ನೋಡಿದ್ದಳು. ಆದರೆ ಅವತ್ತೇ ಕಂಡಳು.

"ಅವ್ವಾ. ನಿನ್ನ ಕೈ."

ನನಗೂ ಅವತ್ತೇ ಹೊಳೆಯಿತು. "ಹೂಂ," ಎಂದೆ. "ನೋಡಿಲ್ಲಿ." ಮತ್ತೊಮ್ಮೆ ತಿರುವಿದೆ, ಅಂಗೈಯಿಂದ ಒತ್ತಿದೆ. "ನನ್ನ ಕೈಯೂ ಸುಡಂಗಿಲ್ಲ. ನಿಮ್ಮ ಆಯಿನ್ನ ನೋಡು."

ಅತ್ತೆ ಏನೂ ತಿಳಿಯದೆ, ಒಲೆಯಿಂದ ಹೊರಗೆ ಬಿದ್ದ ಕೆಂಡವನ್ನು ಎರಡು ಬೆರಳಿಂದ ಹಿಡಿದು ಒಳಗೆ ಎಸೆಯುತ್ತಿದ್ದರು. "ಯಾಕ, ಏನಾತು?" ಎಂದರು.

ಮಗಳ ಮುಖ ಬಿಳುಚಿಕೊಂಡಿತು. ಗಂಡನನ್ನು ಉಳಿಸಲು ಹೋಗಿ ಮನೆಯವರನ್ನೆಲ್ಲ ನಕ್ಷತ್ರಕ್ಕೆ ಕಳಿಸಿಬಿಟ್ಟಿದ್ದೆ. ಇನ್ನು ಇವಳು ಯಾರ ಹತ್ತಿರ ಹೋಗಬೇಕು?

ಅವಳು ಒಲೆಯ ಹತ್ತಿರ ಬಂದಳು. ತನ್ನ ಬೆರಳನ್ನು ರೊಟ್ಟಿಗೆ ತಾಗಿಸಿ ಸರ್ರನೆ ಹಿಂದಕ್ಕೆಳೆದುಕೊಂಡು ಬಾಯಲ್ಲಿಟ್ಟುಕೊಂಡಳು. "ನನಗ ಸುಡ್ತದ," ಎಂದಳು.

"ನೀ ಇನ್ನೂ ರೊಟ್ಟಿ ಮಾಡಿಲ್ಲಲ್ಲ. ನಮಗೂ ಮೊದಲ ಸುಡ್ತಿತ್ತು."

"ಅಪ್ಪಗೂ?"

"ಅಪ್ಪಗ ಭಾಳ ಸುಟ್ಟದ. ಗುಳ್ಳಿ ಬಂದಿದ್ವಂತ."

"ಯಾರ ಊದಿದ್ರು?"

ಅವಳಿಗೆ ಎಲ್ಲಾದರೂ ಸುಟ್ಟರೆ ಊದುತ್ತಿದ್ದವಳು ನಾನು. ಅಷ್ಟು ದೂರದಲ್ಲಿ ಅವರಿಗೆ ಯಾರು ಊದಿದರೋ. "ಯಾರೂ ಇರಲಿಲ್ಲ," ಎಂದೆ.

ಅವಳು ಹಂಚಿನಿಂದ ಇಳಿಸಿದ ರೊಟ್ಟಿಯನ್ನು ಲಂಗದ ಮಡಿಲಿಗೆ ಹಾಕಿಸಿಕೊಂಡು ಕಟ್ಟೆಗೆ ಹೋದಳು. ನಾನು ಬಾಗಿಲ ಮರೆಯಲ್ಲಿ ನಿಂತೆ. ಎರಡು ಮೊಳ ದೂರ ನಿಂತು ಮಡಿಲು ಚಾಚಿದಳು. ಇವರು ಬರಿಗೈಯಲ್ಲಿ ತೆಗೆದುಕೊಂಡು ತುಂಡು ಮುರಿದು ಬಾಯಿಗೆ ಒಯ್ದರು.

"ಊದು," ಎಂದಳು.

ಇವರು ಊದಿದರು.

"ಇನ್ನಾ ಊದು. ಖಾಲಾನ ಮನಿ ಅಜ್ಜನ ಗತೆ."

ಗಲ್ಲ ಉಬ್ಬಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಆ ಮನುಷ್ಯ ಆ ತುಂಡನ್ನು ತಣ್ಣಗಾಗುವವರೆಗೆ ಊದಿದರು. ಆಮೇಲೆ ತಾವು ತಿನ್ನಲಿಲ್ಲ, ಅವಳ ಬಾಯಿಗೆ ಹಿಡಿದರು. ಅವಳು ಸ್ವಲ್ಪ ಯೋಚಿಸಿ, ಬಾಯಿ ತೆರೆದಳು.

ಅಂದಿನಿಂದ ಅವಳ ಎದುರು ಇವರಿಗೆ ತಿನ್ನಲು ಕುಡಿಯಲು ಏನು ಕೊಟ್ಟರೂ ಮೊದಲು ಊದುತ್ತಿದ್ದರು. ಅವಳು ದೊಡ್ಡವಳಾಗಿ, ಲಗ್ನವಾಗಿ ತವರಿಗೆ ಬಂದಾಗಲೂ ಅಷ್ಟೇ. ಒಂದು ಬೇಸಿಗೆ ತಣ್ಣನೆಯ ಮಜ್ಜಿಗೆ ಕೊಟ್ಟೆ. ಅವಳ ಕಡೆ ಒಂದು ಸಲ ನೋಡಿ, ಲೋಟವನ್ನು ಬಾಯಿ ಹತ್ತಿರ ತಂದು, ಊದಿ ಕುಡಿದರು. ಅವಳ ಗಂಡ ಪಾಪ, ಮಾವನವರಿಗೆ ಏನಾಗಿದೆ ಎಂದು ನನ್ನ ಮುಖ ನೋಡಿದ. ನಾವು ಮೂವರೂ ಹೇಳಲಿಲ್ಲ.