ಸೂರಿನ ನೀರು

ಬಡವನಹಳ್ಳಿಯಿಂದ ಹೋಗಿ ಕರಾವಳಿಯ ಕಾಲೇಜಿಗೆ ಸೇರಿದ ವರ್ಷ, ಹಾಸ್ಟೆಲ್ಲಿನಲ್ಲಿ ನಾನು ಮೊದಲು ಸಂಪಾದಿಸಿದ್ದು ‘ಬಕೆಟ್’ ಎಂಬ ಅಡ್ಡಹೆಸರು. ನಾನು ಹೋಗಿ ಸೇರಿದ ವಾರವೇ ಒಂದು ಬೆಳಿಗ್ಗೆ ಮಳೆ ಶುರುವಾಯಿತು. ನಮ್ಮ ಕಡೆ ಮಳೆ ಬಂದರೆ ಯಾರೂ ಕಿಟಕಿಯಲ್ಲಿ ನಿಂತು ನೋಡುವುದಿಲ್ಲ. ಸಿಕ್ಕ ಬಿಂದಿಗೆ, ಪಾತ್ರೆ, ಬೋಗುಣಿಗಳನ್ನೆಲ್ಲ ಓಡಿಹೋಗಿ ಸೂರಿನ ಕೆಳಗೆ ಸಾಲಾಗಿ ಇಡುತ್ತೇವೆ. ಬೋರ್‌ವೆಲ್ಲಿನ ಗಡಸು ನೀರಿಗೆ ತೊಗರಿಬೇಳೆ ಜಪ್ಪಯ್ಯ ಅಂದರೂ ಬೇಯುವುದಿಲ್ಲ. ಮಳೆನೀರಿಗೆ ಬೆಣ್ಣೆಯಾಗಿಬಿಡುತ್ತದೆ. ಹಾಗಾಗಿ ನನ್ನ ಬಕೆಟ್ಟು, ರೂಮಿನ ಗೆಳತಿಯ ಬಕೆಟ್ಟು, ಪಕ್ಕದ ರೂಮಿನವರದು, ಎಲ್ಲವನ್ನೂ ಅಂಗಳಕ್ಕೆ ಸಾಗಿಸಿ ಸೂರಿನಡಿ ಇಟ್ಟೆ. ತಿರುಗಿ ನೋಡಿದರೆ ಜಗಲಿಯ ತುಂಬ ಹುಡುಗಿಯರು.

“ಇದನ್ನೆಂತ ಹಿಡಿದಿಡುವುದು ಮಾರಾಯ್ತಿ? ಇನ್ನು ದೀಪಾವಳಿಯವರೆಗೆ ಇದೇ ಉಂಟು,” ಎಂದಳು ಗೆಳತಿ. ಅವಳೊಬ್ಬಳು ನಗಲಿಲ್ಲ, ಅಷ್ಟೇ ನನ್ನ ಪುಣ್ಯ.

ಅವಳು ಹೇಳಿದ್ದೇ ಸರಿ, ಮಳೆ ನಿಲ್ಲಲೇ ಇಲ್ಲ. ಮಧುಗಿರಿ ಬೆಟ್ಟದ ಕಾವಿಗೆ ನಮ್ಮಲ್ಲಿ ಒಗೆದುಹಾಕಿದ ಬಟ್ಟೆ ತಿಂಡಿ ಮುಗಿಸುವಷ್ಟರಲ್ಲಿ ಗರಿಗರಿಯಾಗುತ್ತದೆ. ಇಲ್ಲಿ ನನ್ನ ಚೂಡಿದಾರ್‌ಗಳು ಒಣಗದೆ ಮುಗ್ಗಲು ನಾತ. ಅಮ್ಮ ಕಟ್ಟಿಕೊಟ್ಟ ಹುರಿಹಿಟ್ಟು ಗಂಟುಕಟ್ಟಿತು, ಚಪ್ಪಲಿಗೆ ಬೂಷ್ಟು ಹಿಡಿಯಿತು. ನನಗೆ ಬಿಸಿಲು ಬೇಕಿತ್ತು, ಅಮ್ಮ ಬೇಕಿತ್ತು. ಮಧುಗಿರಿಯಲ್ಲೇ ಡಿಗ್ರಿ ಮಾಡಿಕೊಂಡರಾಯಿತು ಎಂದು ತೀರ್ಮಾನಿಸಿ, ಬ್ಯಾಗು ತುಂಬಿಟ್ಟು ಅಮ್ಮನಿಗೆ ಫೋನ್ ಮಾಡಿದೆ. ಈ ಸೀಟಿಗಾಗಿ ಇಡೀ ಬೇಸಿಗೆ ಅಪ್ಪನ ಜೊತೆ ಜಗಳವಾಡಿದ್ದವಳು ಅವಳೇ.

ವಾಪಸ್ ಬರುತ್ತಿದ್ದೇನೆ ಎಂದೆ. ಬೈಯುತ್ತಾಳೆ ಎಂದುಕೊಂಡು ಉತ್ತರಗಳನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವಳು ಮಾತ್ರ, ಹಿಂದೆ ಅದೇನು ಸದ್ದು ಎಂದು ಕೇಳಿದಳು. ಇನ್ನೇನು, ಇದೇ ಹಾಳು ಮಳೆ ಎಂದು ರೇಗಿದೆ.

“ಬರುವಂತೆ ಬುಡು. ಈಗ ಒಸಿ ಫೋನ್ ಆಚೆ ಹಿಡ್ಕ, ಕೇಳಾನ.”

ಕಿಟಕಿಯಿಂದ ಕೈ ಚಾಚಿ ಹಿಡಿದೆ. ಫೋನು ಹಾಳಾದೀತೆಂದು ಒಳಗೆ ತಂದರೆ ಆ ಕಡೆ ಅಕ್ಕಪಕ್ಕದ ಹೆಂಗಸರ ದನಿಗಳೂ ಇದ್ದವು. ಅಮ್ಮ ಸ್ಪೀಕರ್ ಹಾಕಿದ್ದಳು. ಆ ವರ್ಷ ನಮ್ಮಲ್ಲಿ ಮುಂಗಾರಿನ ಮೋಡಗಳು ಮುಖ ತೋರಿಸಿ ಹೋಗುತ್ತಿದ್ದವು, ಅಷ್ಟೇ.

“ಇನ್ನೊಂದ್ ಗಳಿಗೆ ಹಿಡ್ಕವ್ವ,” ಎಂದಳು.

ಹಾಗೆ ಕೇಳಿದವಳೆದುರು ಮತ್ತೆ ವಾಪಸ್ ಬರುವ ಮಾತೆತ್ತಲು ನನಗೆ ಬಾಯಿ ಬರಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ಮರುದಿನವೂ ಅವಳು ಮಳೆಯನ್ನೇ ಕೇಳಿದಳು. ಆಮೇಲೆ ಪ್ರತಿ ಸಂಜೆ ಇದೇ ಆಯಿತು. ಗೆಳತಿ ಫೋನಿಗೊಂದು ಪ್ಲಾಸ್ಟಿಕ್ ಕವರ್ ಹುಡುಕಿಕೊಟ್ಟಳು. ಮಳೆ ಜೋರಾದರೆ ಅಮ್ಮನಿಗೆ ಫೋನ್ ಮಾಡು ಎಂದು ಅವಳೇ ನೆನಪಿಸುತ್ತಿದ್ದಳು. ಮಂಚದ ಕೆಳಗಿದ್ದ ಬ್ಯಾಗಿನಿಂದ ಬಟ್ಟೆಗಳು ಒಂದೊಂದಾಗಿ ಹೊರಗೆ ಬಂದವು.

ದಸರಾ ಕಳೆದ ಮೇಲೆ ಕರಾವಳಿಯ ಮಳೆ ಕೊಂಚ ಬಿಡುವು ಕೊಟ್ಟಿತು. ಒಂದು ಮಧ್ಯಾಹ್ನ ಲ್ಯಾಬಿನಲ್ಲಿದ್ದಾಗ ಅಮ್ಮನ ಫೋನ್. ಆ ಹೊತ್ತಿಗೆ ಅವಳು ಎಂದೂ ಮಾಡಿದವಳಲ್ಲ. ಮೇಡಂ ಅನುಮತಿ ಕೇಳಿ ಹೊರಗೆ ಬಂದು ಎತ್ತಿದರೆ ಮಾತೇ ಇಲ್ಲ. ತಗಡಿನ ಸೂರಿನ ಮೇಲೆ ಜಲ್ಲಿ ಸುರಿದಂಥ ಸದ್ದು. ಆಮೇಲೆ ಪಾತ್ರೆ ಎಳೆದಾಡುವ ಸದ್ದು, ಯಾರೋ ಬಿಂದಿಗೆ ತಾರೆ ಎಂದು ಕೂಗಿದ್ದು. ನಮ್ಮ ತಾಮ್ರದ ಹಂಡೆಗೆ ನೀರು ಬೀಳುವುದು ನನಗೆ ಬೇರೆಯಾಗಿಯೇ ಕೇಳಿತು. ತುಂಬುತ್ತಾ ಹೋದಂತೆ ಅದರ ದನಿ ತಗ್ಗುತ್ತದೆ.

“ಕೇಳುಸ್ತಾ? ಇವತ್ತು ಬ್ಯಾಳೆ ಬೇಯ್ತದೆ ಕಣವ್ವ,” ಎಂದಳು ಅಮ್ಮ. “ಹಂಡೆ ತುಂಬ್ತು, ಎತ್ತಬೇಕು. ಫೋನ್ ಮಡಗ್ಲಾ?”

ಕಾಲೇಜಿನ ಅಂಗಳದಲ್ಲಿ ನಾನು ಅಷ್ಟು ದಿನ ಕಾದಿದ್ದ ಬಿಸಿಲು ಸುರಿಯುತ್ತಿತ್ತು. ನಾನು ಅಳುತ್ತಾ ನಿಂತಿದ್ದೆ.

“ಇನ್ನೊಂದ್ ಗಳಿಗೆ ಹಿಡ್ಕಮ್ಮ,” ಎಂದೆ.