ಕಾಣೆಯಾದ ಏಳಡಿ

ನಮ್ಮ ಮನೆಯೊಳಗೆ ಏಳು ಅಡಿ ಜಾಗ ಕಾಣೆಯಾಗಿದೆ ಎಂಬುದನ್ನು ಲೋಕಕ್ಕೆ ಮೊದಲು ತಿಳಿಸಿದವನು ನಾನು. ಈ ಶೋಧಕ್ಕಾಗಿ ನನಗೆ ಯಾರೂ ಶಾಲು ಹೊದೆಸಲಿಲ್ಲ. ಊಟಕ್ಕೆ ಕುಳಿತಿದ್ದಾಗ ತಿಳಿಸಿದ್ದರಿಂದ ಸಾರು ಸ್ವಲ್ಪ ತಡವಾಗಿ ಬಂತು, ಅಷ್ಟೆ.

ಅದು ಯುದ್ಧದ ಕಾಲ. ನಾನು ಹೊಸದಾಗಿ ಮಾಸ್ತರನಾಗಿ, ಪುತ್ತಿಗೆಯ ಸಮೀಪದ ಒಂದು ಎಲಿಮೆಂಟರಿ ಶಾಲೆಯಲ್ಲಿ ಮಕ್ಕಳಿಗೆ ಗಣಿತ ಕಲಿಸುತ್ತಿದ್ದೆ. ಮನೆ ಅಲ್ಲಿಂದ ಎರಡು ಗದ್ದೆ ಆಚೆ. ನಮ್ಮದು ಅಳಿಯಕಟ್ಟಿನ ಮನೆ. ಎಂದರೆ ಮನೆಯ ಯಜಮಾನಿಕೆ ಸೋದರಮಾವನಿಂದ ಅವನ ಅಕ್ಕತಂಗಿಯರ ಮಗನಾದ ಅಳಿಯನಿಗೆ ಇಳಿಯುತ್ತದೆ. ಮನೆಯ ಹೆಣ್ಣುಮಕ್ಕಳು ಮನೆಗೆ ಸೇರಿದವರು, ಅವರ ಗಂಡಂದಿರು ಬಂದು ಹೋಗುವವರು. ಆಗಿನ ಯಜಮಾನ ನನ್ನ ತಾಯಿಯ ಅಣ್ಣ. ಅವರ ಹೆಂಡತಿ ಮಕ್ಕಳು ಬಾಯಾರಿನಲ್ಲಿ, ತಮ್ಮ ಸ್ವಂತ ಮನೆಯಲ್ಲಿ ಸುಖವಾಗಿದ್ದರು. ಮಾವ ನಮ್ಮ ಮನೆಯ ಚಾವಡಿಯಲ್ಲಿ, ಹಲಸಿನ ಹಲಗೆಯ ಒಂದು ಉದ್ದ ಮಂಚದ ಮೇಲೆ ಕುಳಿತು ಊರಿನ ತಕರಾರುಗಳನ್ನು ಕೇಳುತ್ತಿದ್ದರು. ಕೇಳುತ್ತಿದ್ದರು ಎಂಬ ಶಬ್ದವನ್ನು ಯೋಚಿಸಿಯೇ ಬರೆದಿದ್ದೇನೆ. ತೀರ್ಮಾನದ ವಿಷಯ ಬಂದಾಗ ಅವರು ‘ನೋಡುವ’ ಎನ್ನುತ್ತಿದ್ದರು. ನೋಡುತ್ತಿರಲಿಲ್ಲ.

ಅಮ್ಮ ಮೊದಲೇ ತೀರಿಹೋಗಿದ್ದರು. ಮನೆಯಲ್ಲಿ ಅಜ್ಜಿ ಇದ್ದರು, ಎಂದರೆ ಮಾವನ ತಾಯಿ. ಗಂಡನೊಡನೆ ಬೇರೆ ಊರಿನಲ್ಲಿದ್ದ ಅಕ್ಕ ಆ ವರ್ಷ ಅವರನ್ನು ಕಳೆದುಕೊಂಡು, ಇಬ್ಬರು ಹೆಣ್ಣುಮಕ್ಕಳನ್ನೂ ಒಂದು ಹೊಲಿಗೆಯ ಕೈಮಶಿನನ್ನೂ ಕರೆದುಕೊಂಡು ಹಿಂದೆ ಬಂದಳು. ಮಶಿನಿಗೆ ಕರೆದುಕೊಂಡು ಎನ್ನುವುದು ವ್ಯಾಕರಣಕ್ಕೆ ಒಪ್ಪದಿದ್ದರೂ ಅಕ್ಕನಿಗೆ ಒಪ್ಪುತ್ತದೆ. ಮಕ್ಕಳು ಗಾಡಿಯಿಂದ ತಾವಾಗಿ ಇಳಿದರು. ಮಶಿನನ್ನು ಅವಳು ಎತ್ತಿಕೊಂಡು ಇಳಿದಳು.

ಆಗ ನಮ್ಮ ಕಡೆಯ ಹೆಂಗಸರಲ್ಲಿ ರವಿಕೆ ಹೊಲಿಸಿಕೊಳ್ಳುವ ಉಮೇದು ಹಬ್ಬುತ್ತಿತ್ತು. ಹೊಲಿಯುವವಳು ಹೆಂಗಸೇ ಎಂದ ಮೇಲೆ ಗಿರಾಕಿಗಳಿಗೆ ಬರಗಾಲವಿರಲಿಲ್ಲ. ತೊಂದರೆ ಒಂದೇ. ಅಳತೆ ಕೊಡಲು ಬಂದವಳು ನಿಲ್ಲುವುದೆಲ್ಲಿ? ಮನೆಯಲ್ಲಿದ್ದ ಕೋಣೆಗಳಲ್ಲಿ ಒಂದು ಅಜ್ಜಿಯದು, ಒಂದು ಭತ್ತದ್ದು, ಒಂದು ಮನೆ ಕಾಯುವ ದೈವದ ಒಡವೆ, ಆಯುಧಗಳಿರುವ ಭಂಡಾರದ್ದು, ಚಾವಡಿಯ ಬದಿಯ ಒಂದು ಮಾವನದು. ನಾನು ಜಗಲಿಯವನು. ಅಕ್ಕ ಮತ್ತು ಮಕ್ಕಳು ಅಡುಗೆಮನೆಯ ಹೊಗೆಯಲ್ಲಿ. ಮಶಿನು ಚಾವಡಿಯ ಮೂಲೆಯಲ್ಲಿ, ಮಾವನ ಎದುರಿಗೆ. ಹೆಂಗಸರು ಅಂಗಳದ ತುದಿಯವರೆಗೆ ಬಂದು, ಚಾವಡಿಯಲ್ಲಿ ಕೂತ ಮಾವನನ್ನು ಕಂಡು, ಬೇರೆಲ್ಲಿಗೋ ಹೊರಟವರ ಹಾಗೆ ತಿರುಗಿ ಹೋಗುತ್ತಿದ್ದರು. ಮೂರು ತಿಂಗಳಲ್ಲಿ ಅಕ್ಕ ಹೊಲಿದದ್ದು ಅಜ್ಜಿಯ ಒಂದು ದಿಂಬಿನ ಚೀಲ. ಕೊನೆಗೆ ಕುಂಬಳೆಯ ಒಬ್ಬ ದರ್ಜಿ ಮಶಿನನ್ನು ಕೇಳಿ ಕಳಿಸಿದ. ಸುಮ್ಮನೆ ತುಕ್ಕು ಹಿಡಿಯುವುದಕ್ಕಿಂತ ಕೊಟ್ಟುಬಿಡುವುದೇ ಒಳ್ಳೆಯದು ಎಂದು ಮಾವ ಹೇಳಿದರು. ಮುಂದಿನ ಆದಿತ್ಯವಾರ ಅವನು ಬಂದು ಹೊತ್ತುಕೊಂಡು ಹೋಗುವುದೆಂದಾಯಿತು. ಅಕ್ಕ ಮಶಿನಿಗೆ ಎಣ್ಣೆ ಬಿಟ್ಟು ಒರೆಸಿಟ್ಟಳು; ಮರುದಿನ ಮತ್ತೆ ಒರೆಸಿದಳು.

ಹೀಗಿರುವಾಗ ನಾನು ಶಾಲೆಯ ಮಕ್ಕಳಿಗೆ ನಿಮ್ಮ ನಿಮ್ಮ ಮನೆಯ ಉದ್ದ ಅಗಲ ಅಳೆದು ತನ್ನಿ ಎಂದು ಆಜ್ಞೆ ಮಾಡಿದ್ದೆ. ಮಾಸ್ತರನಾದವನು ತಾನು ಮಾಡದ ಕೆಲಸವನ್ನು ಮಕ್ಕಳಿಂದ ಮಾಡಿಸಬಾರದೆಂಬ ಆದರ್ಶ ಆಗಿನ್ನೂ ನನ್ನಲ್ಲಿ ಉಳಿದಿತ್ತು. ದರ್ಜಿ ಬರುವುದಕ್ಕೆ ಒಂದು ವಾರವಿದ್ದ ಆದಿತ್ಯವಾರ ಅಕ್ಕನ ಟೇಪು ಕೇಳಿಕೊಂಡು ನಮ್ಮ ಮನೆಯನ್ನೇ ಅಳೆದೆ. ಚಾವಡಿಯ ಹಿಂದೆ ಸಾಲಾಗಿ ಮೂರು ಕೋಣೆಗಳು: ಅಜ್ಜಿಯದು, ಭಂಡಾರದ್ದು, ಭತ್ತದ್ದು. ಅವುಗಳ ಒಳ ಅಳತೆಗೆ ಮಣ್ಣಿನ ಗೋಡೆಗಳ ದಪ್ಪ ಸೇರಿಸಿದರೆ ನಲುವತ್ತೊಂದು ಅಡಿ. ಹೊರಗಿನಿಂದ ಹಿತ್ತಲ ಗೋಡೆಯನ್ನು ಅಳೆದರೆ ನಲುವತ್ತೆಂಟು. ಮತ್ತೆ ಅಳೆದೆ. ನಲುವತ್ತೊಂದು, ನಲುವತ್ತೆಂಟು. ಹೊರಗಿನಿಂದ ದೊಡ್ಡದಾಗಿ ಕಂಡು ಒಳಗೆ ಚಿಕ್ಕದಾಗಿರುವ ಮನೆತನಗಳನ್ನು ನಾನು ಬೇಕಾದಷ್ಟು ಕಂಡಿದ್ದೆ. ಆದರೆ ಅದು ಅಡಿಗಳಲ್ಲಿ ಸಿಕ್ಕಿದ್ದು ಅದೇ ಮೊದಲು.

ಮಧ್ಯಾಹ್ನ ಊಟಕ್ಕೆ ಕುಳಿತಾಗ ವಿಷಯ ಮಂಡಿಸಿದೆ. ಮಾವ ಅನ್ನ ಕಲಸುವುದನ್ನು ನಿಲ್ಲಿಸಲಿಲ್ಲ.

“ರವಿಕೆ ಅಳೆಯುವ ಟೇಪಿನಲ್ಲಿ ಮನೆ ಅಳೆದರೆ ಹಾಗೆಯೇ ಆಗುವುದು,” ಎಂದರು.

ಊಟವಾದ ಮೇಲೆ ಅವರೇ ಅಟ್ಟದಿಂದ ಆಶಾರಿಯ, ಎಂದರೆ ಬಡಗಿಯ, ಅಳತೆಕೋಲು ತೆಗೆಸಿ ಅಳೆದರು. ಗೌರವಾನ್ವಿತವಾದ ಆ ಕೋಲಿಗೂ ಏಳಡಿ ಕಡಿಮೆಯೇ ಬಂತು. ಕೊರತೆ ಎಲ್ಲಿದೆ ಎಂಬುದೂ ಗೊತ್ತಾಯಿತು: ಅಜ್ಜಿಯ ಕೋಣೆಗೂ ಭಂಡಾರಕ್ಕೂ ನಡುವೆ. ಮಾವ ಕೋಲು ಗೋಡೆಗೆ ಒರಗಿಸಿ, ಧ್ವನಿ ಇಳಿಸಿ, ಇನ್ನು ಈ ಸುದ್ದಿ ಯಾರೂ ಎತ್ತಬಾರದು ಎಂದುಬಿಟ್ಟರು.

ಕಾರಣವಿತ್ತು. ಆ ನಡುವಿನ ಭಾಗಕ್ಕೆ ಚಾವಡಿಯ ಕಡೆಯಿಂದ ಇರುವ ಗೋಡೆಗೆ ನಮ್ಮಲ್ಲಿ ಯಾರೂ ಬೆನ್ನು ತಾಗಿಸುತ್ತಿರಲಿಲ್ಲ. ಅಲ್ಲಿ ಒಂದು ಗೂಡು, ಗೂಡಿನಲ್ಲಿ ಎರಡು ಹೊತ್ತೂ ದೀಪ. ದೈವದ ಗೋಡೆ ಎಂದೇ ಅದರ ಹೆಸರು. ಭಂಡಾರದಲ್ಲಿರುವ ದೈವ ಹಗಲು ಹೊತ್ತು ಬಂದು ಅಲ್ಲಿ ವಿಶ್ರಾಂತಿ ತೆಗೆದುಕೊಳ್ಳುತ್ತದೆಂದೂ, ಹಿಂದಿನ ಕಾಲದಲ್ಲಿ ಅದರ ಉಸಿರಾಟ ಗೋಡೆಯೊಳಗಿಂದ ಚಾವಡಿಯಲ್ಲಿ ಕೂತವರ ಕಿವಿಗೇ ಬೀಳುತ್ತಿತ್ತೆಂದೂ, ಕೇಳಿದವರು ಮುಂಡಾಸು ತೆಗೆದು ಎದ್ದು ನಿಲ್ಲುತ್ತಿದ್ದರೆಂದೂ ಪ್ರತೀತಿ. ಈಚೆಗೆ ಕೇಳದಿರುವುದಕ್ಕೆ ಕಾಲ ಕೆಟ್ಟದ್ದೇ ಕಾರಣವೆಂದು ಮಾವ ಹೇಳುತ್ತಿದ್ದರು.

ಮಂಗಳವಾರ ನಾನು ಮಧ್ಯಾಹ್ನದ ಊಟಕ್ಕೆ ಬಂದಾಗ ಅಜ್ಜಿ ನನ್ನನ್ನೂ ಅಕ್ಕನನ್ನೂ ತಮ್ಮ ಕೋಣೆಗೆ ಕರೆದರು. ಆ ಕೋಣೆಯ ಒಂದು ಬದಿ ಮಣ್ಣಿನ ಗೋಡೆಯಲ್ಲ, ಮರದ ಹಲಗೆಯದು. ಅದಕ್ಕೆ ತಾಗಿಸಿಯೇ ಅವರ ಮಂಚ. ನನ್ನ ನೆನಪಿನಲ್ಲಿ ಆ ಮಂಚ ಗುಡಿಸಲಿಕ್ಕೂ ಸರಿದದ್ದಿಲ್ಲ.

“ಮಂಚ ಎಳೆ,” ಎಂದರು. ಎಳೆದೆ. ಅವರು ಬಗ್ಗಿ, ಮೂರನೆಯ ಹಲಗೆಯ ಬುಡಕ್ಕೆ ಬೆರಳು ಕೊಟ್ಟು ಮೇಲಕ್ಕೆ ಎತ್ತಿದರು. ಹಲಗೆ ಮೇಲಿನ ಸಂದಿಗೆ ಸೇರಿತು. ಬುಡ ಹೊರಕ್ಕೆ ಬಂತು. ಅದರ ಪಕ್ಕದ್ದೂ ಹಾಗೆಯೇ. ಎಪ್ಪತ್ತು ದಾಟಿದ ಅವರ ಕೈಗೆ ಆ ಕೆಲಸದ ಅಭ್ಯಾಸ ತಪ್ಪಿರಲಿಲ್ಲ.

ಒಳಗೆ ನನ್ನ ಏಳು ಅಡಿ ಇತ್ತು. ಸರಿಯಾಗಿ ಹೇಳುವುದಾದರೆ ಏಳಕ್ಕೆ ಸ್ವಲ್ಪ ಕಡಿಮೆ ಅಗಲ, ಹದಿನಾಲ್ಕು ಅಡಿ ಉದ್ದ. ಒಂದು ಗಿಡ್ಡ ಮಂಚ. ಒಂದು ಪೀಕದಾನಿ. ಹಿತ್ತಾಳೆಯ ಎಲೆಯಡಿಕೆ ಪೆಟ್ಟಿಗೆ, ಅದರಲ್ಲಿ ಕಲ್ಲಾಗಿಹೋದ ಸುಣ್ಣ. ಚಾವಡಿಯ ಕಡೆಯ ಗೋಡೆಯಲ್ಲಿ ಬೆರಳು ತೂರುವಷ್ಟು ಒಂದು ತೂತು, ಅದರಾಚೆ ಒಂದು ಹಳದಿ ಬೆಳಕು. ಕಣ್ಣಿಟ್ಟು ನೋಡಿದೆ. ದೈವದ ದೀಪದ ಪಕ್ಕದಿಂದ ಇಡೀ ಚಾವಡಿ ಕಾಣುತ್ತಿತ್ತು.

ಅಜ್ಜಿ ಹೇಳಿದ್ದು ಇಷ್ಟು. ಅವರ ಸೋದರಮಾವ, ಎಂದರೆ ಹಿಂದಿನ ಕಾಲದ ಪ್ರಸಿದ್ಧ ಯಜಮಾನರು, ಊರಿನ ನ್ಯಾಯ ಹೇಳುವುದರಲ್ಲಿ ಎತ್ತಿದ ಕೈ. ಅದಕ್ಕೇ ಬೆಳಗಿನಿಂದ ಜನ. ಉಂಡು ಮಲಗಲಿಕ್ಕೂ ಬಿಡುತ್ತಿರಲಿಲ್ಲ. ಮನೆ ಕಟ್ಟಿಸುವಾಗಲೇ ಅವರು ಘಟ್ಟದ ಕಡೆಯ ಆಶಾರಿಯನ್ನು ಕರೆಸಿ ಈ ಕೋಣೆ ಮಾಡಿಸಿಕೊಂಡರು. ಮಧ್ಯಾಹ್ನ ಅವರು ಒಳಗೆ, ದೇಲಂಪಾಡಿಗೆ ಹೋಗಿದ್ದಾರೆ ಎಂದು ಮನೆಯವರು ಹೊರಗೆ. ಎಲ್ಲ ಸರಿಯಾಗಿತ್ತು, ಆದರೆ ಅವರು ಗೊರಕೆ ಹೊಡೆಯುತ್ತಿದ್ದರು. ಒಂದು ದಿನ ಚಾವಡಿಯಲ್ಲಿ ಕಾದು ಕೂತಿದ್ದವನೊಬ್ಬ ಗೋಡೆಯ ಸದ್ದು ಕೇಳಿ ಬೆವತು ಕೈಮುಗಿದ. ಮರುದಿನವೇ ಯಜಮಾನರು ಗೂಡು ಕೊರೆಸಿ ದೀಪ ಇಡಿಸಿದರು. ಮತ್ತೆ ಯಾರೂ ಆ ಗೋಡೆಯ ಹತ್ತಿರ ಸುಳಿಯಲಿಲ್ಲ. ಮಜ್ಜಿಗೆ ಒಯ್ದು ಕೊಡುತ್ತಿದ್ದವಳು ಅಜ್ಜಿ, ಹತ್ತು ವರ್ಷದ ಹುಡುಗಿ. ಹೇಳಬೇಡ ಎಂದಿದ್ದರು, ಹೇಳಲಿಲ್ಲ.

“ಈಗ ಯಾಕೆ ಹೇಳಿದ್ದು?” ಎಂದು ಅಕ್ಕ ಕೇಳಿದಳು.

“ಆದಿತ್ಯವಾರ ಆ ಮನುಷ್ಯ ಬರ್ತಾನಲ್ಲ, ಅದಕ್ಕೆ.”

ಅಷ್ಟರಲ್ಲಿ ಬಾಗಿಲಲ್ಲಿ ಮಾವ. ಅವರು ಎಷ್ಟು ಕೇಳಿಸಿಕೊಂಡಿದ್ದರೋ, ಸಾಕಷ್ಟು ಕೇಳಿಸಿಕೊಂಡಿದ್ದರು. ಗಿಡ್ಡ ಮಂಚವನ್ನು ನೋಡಿದರು, ಪೀಕದಾನಿಯನ್ನು ನೋಡಿದರು. ಅವರ ಮುಖ ನೋಡಿ ನನಗೆ ನಗು ಬರಲಿಲ್ಲ.

“ಅಮ್ಮಾ, ಹಾಗಾದರೆ ಇಷ್ಟು ವರ್ಷ ನಾನು ಕೈ ಮುಗಿದದ್ದು ಯಾರಿಗೆ?”

“ನೀನು ಸಣ್ಣವನಿದ್ದಾಗ ನನ್ನ ಮಾವನಿಗೆ,” ಎಂದರು ಅಜ್ಜಿ. “ಅವರು ಹೋದ ಮೇಲೆ ಯಾರಿಗೆ ಅಂತ ನನಗೂ ಗೊತ್ತಿಲ್ಲ. ಆದರೆ ಇಷ್ಟು ವರ್ಷ ದಿನಾ ದೀಪ ಇಟ್ಟ ಜಾಗ ಖಾಲಿ ಉಂಟು ಅಂತ ಹೇಳಲಿಕ್ಕೆ ನನಗೆ ಧೈರ್ಯ ಇಲ್ಲ ಮಗಾ. ಮೊದಲು ಇಲ್ಲದಿದ್ದರೂ ಆಮೇಲೆ ಬಂದು ಕೂತಿರಬಹುದು.”

ದೊಡ್ಡ ದೊಡ್ಡ ಪಂಡಿತರು ಸೇರಿದ ಸಭೆಗಳಲ್ಲಿ ಆಮೇಲೆ ನಾನು ಕೂತಿದ್ದೇನೆ. ಈ ಮಾತಿಗೆ ಉತ್ತರ ಕೊಡಬಲ್ಲವರು ಅಲ್ಲಿ ಯಾರೂ ಕಾಣಲಿಲ್ಲ. ಮಾವ ಮಿಂದು, ಒಂದು ಎಳನೀರು ಕೆತ್ತಿಸಿ, ಗೋಡೆಯ ಮುಂದೆ ಇಟ್ಟರು. ಅಜ್ಜಿ ಬಂದು ನಿಂತು, ನೆಂಟರೊಡನೆ ಮಾತಾಡುವ ಹಾಗೆ, ನೀವು ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಮಕ್ಕಳಿಗೆ ಜಾಗ ಸಾಲುವುದಿಲ್ಲ, ಭಂಡಾರದಲ್ಲಿ ನಿಮ್ಮದೇ ಮಂಚ ಉಂಟು, ಅಲ್ಲಿಗೆ ಬನ್ನಿ ಎಂದು ಕೇಳಿಕೊಂಡರು. ಮಾವ ದೀಪವನ್ನು ಆರದ ಹಾಗೆ ಅಂಗೈ ಅಡ್ಡ ಹಿಡಿದು ಭಂಡಾರಕ್ಕೆ ಒಯ್ದರು. ಗೂಡಿನ ತೂತಿಗೆ ಒಂದು ಪಂಚಾಂಗವನ್ನು ಒರಗಿಸಿಡಲಾಯಿತು. ಅಲ್ಲಿಗೆ ಕೋಣೆ ಅಕ್ಕನದಾಯಿತು ಎಂದು ನಾನೂ ಅವಳೂ ತಿಳಿದೆವು.

ಮರುದಿನ ಮಾವ, ಗೋಡೆ ಗಟ್ಟಿ ಉಂಟೋ ನೋಡುತ್ತೇನೆ ಎಂದು ಒಳಗೆ ಹೋದರು. ಪರೀಕ್ಷೆ ಸಂಜೆಯವರೆಗೆ ನಡೆಯಿತು. ಗುರುವಾರ ದಿಂಬು ತೆಗೆದುಕೊಂಡು ಪರೀಕ್ಷೆಗೆ ಹೋದರು. ಶುಕ್ರವಾರ ಮಜ್ಜಿಗೆ ಅಲ್ಲಿಗೇ ತರಿಸಿಕೊಂಡರು. ‘ನೋಡುವ’ ಎಂದೇ ಜೀವಮಾನ ಕಳೆದ ಮನುಷ್ಯನಿಗೆ, ತಾನು ಕಾಣದೆ ಎಲ್ಲರನ್ನೂ ನೋಡುವ ಒಂದು ತೂತು ಸಿಕ್ಕಿತ್ತು. ಅವರನ್ನು ಎಬ್ಬಿಸುವುದು ಯಾರು? ಅಕ್ಕ ಬಾಯಿಬಿಟ್ಟು ಕೇಳುವವಳಲ್ಲ. ಮಶಿನು ಚಾವಡಿಯಲ್ಲೇ ಇತ್ತು. ಶುಕ್ರವಾರ ಸಂಜೆ ಅವಳು ಅದಕ್ಕೆ ಹಳೆಯ ಸೀರೆ ಸುತ್ತಿ ಗಂಟು ಹಾಕಿದಳು, ಹೊರುವವನಿಗೆ ಅನುಕೂಲವಾಗಲಿ ಎಂದು.

ಶನಿವಾರ ನಾನು ಮನೆಯಲ್ಲಿದ್ದೆ. ಗದ್ದೆಯ ಬದಿಯ ತೋಡಿನ ನೀರಿಗೆ ಜಗಳಾಡಿಕೊಂಡಿದ್ದ ಇಬ್ಬರು ಒಕ್ಕಲುಗಳು ಬಂದರು, ಒಬ್ಬ ಮುದುಕ, ಒಬ್ಬ ಮಧ್ಯವಯಸ್ಸಿನವ. ಇಬ್ಬರೂ ಒಂದು ವರ್ಷದಿಂದ ಬರುತ್ತಿದ್ದವರು. ಯಜಮಾನರು ಬಾಯಾರಿಗೆ ಹೋಗಿದ್ದಾರೆ ಎಂದು, ಕಲಿತವನಿಗೆ ತಕ್ಕ ಗಾಂಭೀರ್ಯದಿಂದ ಸುಳ್ಳು ಹೇಳಿದೆ. ಬಿಸಿಲು ಜೋರಿತ್ತು, ಅವರು ಬೆಲ್ಲ ನೀರು ಕುಡಿದು ಅಲ್ಲೇ ಕುಳಿತರು. ಗೂಡಿನ ಪಂಚಾಂಗ ಸ್ವಲ್ಪ ಸರಿದದ್ದನ್ನು ನಾನೊಬ್ಬನೇ ಕಂಡೆ.

“ಇದ್ದಿದ್ದರೂ ಎಂತ ಆಗ್ತಿತ್ತು ಮಾರಾಯ,” ಎಂದ ಮುದುಕ. “ನೋಡುವ ಅಂತ ಹೇಳಿ ಕಳಿಸ್ತಿದ್ದರು.”

ಇನ್ನೊಬ್ಬ ಮೂಲೆಯಲ್ಲಿದ್ದ ಗಂಟನ್ನು ಗದ್ದದಿಂದಲೇ ತೋರಿಸಿದ. “ಸ್ವಂತ ಸೋದರಸೊಸೆಗೆ ಒಂದು ಕೋಣೆ ಕೊಡಲಿಕ್ಕೆ ಆಗದವರು ನಮಗೆ ತೋಡಿನ ನೀರು ಪಾಲು ಮಾಡಿ ಕೊಡ್ತಾರಾ? ನನ್ನ ಹೆಂಡತಿ ಎರಡು ಸಲ ಬಂದು ಅಂಗಳದಿಂದಲೇ ತಿರುಗಿ ಹೋದಳು.”

ಆ ಮೇಲೆ ಅವರಿಬ್ಬರೂ ಮಾತಾಡುತ್ತ, ಮಾತಾಡುತ್ತ, ಬೆಳಗ್ಗೆ ಒಬ್ಬನಿಗೆ, ಮಧ್ಯಾಹ್ನದ ಮೇಲೆ ಇನ್ನೊಬ್ಬನಿಗೆ ಎಂದು ತೋಡಿನ ನೀರನ್ನು ಪಾಲು ಮಾಡಿಕೊಂಡುಬಿಟ್ಟರು. ಒಂದು ವರ್ಷದ ವ್ಯಾಜ್ಯ ಒಂದು ಲೋಟ ಬೆಲ್ಲ ನೀರಿನೊಳಗೆ ಮುಗಿಯಿತು. ಯಜಮಾನರಿಗೆ ತಿಳಿಸಿ ಎಂದು ನನಗೆ ಹೇಳಿ ಹೋದರು. ತಿಳಿಸುವ ಅಗತ್ಯವಿರಲಿಲ್ಲ.

ಮಾವ ಹೊರಗೆ ಬಂದರು. ತಲೆಯಲ್ಲಿ ಜೇಡರಬಲೆ, ಕಂಕುಳಲ್ಲಿ ದಿಂಬು. ಅಕ್ಕನನ್ನು ಕರೆದರು.

“ಮಶಿನು ಒಳಗೆ ಇಡು. ಅದರೊಳಗೆ ನಿದ್ದೆ ಬರುವುದಿಲ್ಲ.”

ಅಕ್ಕ ಗಂಟಿನ ಮೇಲೆ ಕೈ ಇಟ್ಟು ನಿಂತಳು. ಎಷ್ಟೋ ದಿನಗಳ ನಂತರ ಅವಳು ಮಾವನಿಗೆ ಎದುರು ಮಾತಾಡಿದ್ದು ಆಗ. “ಇಡಬಹುದು ಮಾವ. ಆದರೆ ಒಳಗೆ ಬೆಳಕೇ ಇಲ್ಲ, ಸೂಜಿಗೆ ನೂಲು ಹಾಕುವುದು ಹೇಗೆ? ರೇಶನ್ ಚೀಟಿಗೆ ಸಿಗುವ ಸೀಮೆಎಣ್ಣೆ ಅಡುಗೆಮನೆಗೇ ಸಾಲುವುದಿಲ್ಲ. ಮತ್ತೆ, ಬರುವವರು ಅಜ್ಜಿಯ ಮಂಚ ದಾಟಿ ಬರಬೇಕಾ?”

ಮಾವನ ತುಟಿ ‘ನೋಡುವ’ ಎನ್ನಲು ಸಿದ್ಧವಾದದ್ದನ್ನು ನಾನು ಸ್ಪಷ್ಟವಾಗಿ ಕಂಡೆ. ಆ ಶಬ್ದ ಹೊರಗೆ ಬರಲಿಲ್ಲ. ಅವರು ಹಿತ್ತಲಿಗೆ ನಡೆದು, ಬಾವಿಯ ಕಡೆಯ ಗೋಡೆಯ ಮೇಲೆ ಮಸಿಯಿಂದ ಎರಡು ಗೀಟು ಎಳೆದು, “ಇಲ್ಲಿ ಬಾಗಿಲು,” ಎಂದರು. ನನಗೆ ತಿಳಿದಂತೆ, ಅವರು ಅದೇ ದಿನ ಹೇಳಿ ಅದೇ ದಿನ ಮುಗಿಸಿದ ತೀರ್ಪು ಅದೊಂದೇ.

ಆದಿತ್ಯವಾರ ಕುಂಬಳೆಯ ದರ್ಜಿ ಬಂದಾಗ ಗೋಡೆ ಅರ್ಧ ಬಿದ್ದಿತ್ತು. ಅವನಿಗೆ ಮಜ್ಜಿಗೆ ಕೊಟ್ಟು, ಮಶಿನು ಕೊಡುವುದಕ್ಕಿಲ್ಲ ಎಂದು ಮಾವನೇ ಹೇಳಿ ಕಳಿಸಿದರು. ಎಂಟು ದಿನದಲ್ಲಿ ಬಾಗಿಲು ಕೂತಿತು. ಗೂಡಿನ ತೂತಿಗೆ ಅಕ್ಕ ತಾನೇ ಮಣ್ಣು ಮೆತ್ತಿದಳು, ಎರಡೂ ಕಡೆಯಿಂದ. ಬಾವಿಯ ಬದಿಯಿಂದ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು. ಮೊದಲು ಬಂದವಳು ಆ ಮಧ್ಯವಯಸ್ಸಿನ ಒಕ್ಕಲಿನ ಹೆಂಡತಿ.

ಒಂದು ಸಂಜೆ ಶಾಲೆಯಿಂದ ಬಂದವನು, ನಾನೇ ಲೆಕ್ಕ ಹಾಕಿ ಹೊರಗೆಳೆದ ಕೋಣೆ ಬೆಳಕಿನಲ್ಲಿ ಹೇಗೆ ಕಾಣುತ್ತದೆಂದು ನೋಡುವ ನ್ಯಾಯವಾದ ಆಸೆಯಿಂದ ಹಿತ್ತಲಿಗೆ ಹೋದೆ. ಹೊಸ ಬಾಗಿಲಿಗೆ ಒಳಗಿನಿಂದ ಅಗುಳಿ ಬಿದ್ದಿತ್ತು. ತಟ್ಟಿದೆ. ಒಳಗೆ ನಗು ನಿಂತಿತು.

“ಯಾರು?” ಎಂದಳು ಅಕ್ಕ.

ನಾನು ಎಂದೆ.

“ಅಳತೆ ನಡೀತಾ ಉಂಟು. ಆಚೆ ಹೋಗು.”

ಹೋದೆ. ಮಶಿನಿನ ಚಕ್ರ ತಿರುಗುವ ಸದ್ದು ಚಾವಡಿಯವರೆಗೂ ಕೇಳುತ್ತಿತ್ತು. ಮಾವ ಮಂಚದ ಮೇಲೆ ಅಂಗಳಕ್ಕೆ ಮುಖ ಮಾಡಿ ಕೂತಿದ್ದರು, ಊರಿಗೆಲ್ಲ ಕಾಣುವ ಹಾಗೆ.