ಚರ್ಚಿನ ಗೋಡೆಯ ಹಂದಿ

ಇಂಗ್ಲೆಂಡಿನ ಬೀಸ್ಟನ್‌ನಲ್ಲಿ ನಮ್ಮ ಪಕ್ಕದ ಮನೆಯವರು ಜರ್ಮನಿಯ ಹೆಂಗಸು. ನಾಟಿಂಗ್‌ಹ್ಯಾಮ್‌ನ ಶಾಲೆಯೊಂದರಲ್ಲಿ ಬಹಳ ಕಾಲ ಜರ್ಮನ್ ಕಲಿಸಿ ನಿವೃತ್ತರಾದವರು. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿಲ್ಲ. ನಾವು ಆ ಬೀದಿಗೆ ಬಂದ ಮೊದಲ ಚಳಿಗಾಲದಲ್ಲಿ, ಮನೆ ಬೆಚ್ಚಗಿಡುವ ಬಾಯ್ಲರ್ ಕೆಟ್ಟು ನಾನು ಜ್ವರದ ಮಗಳನ್ನು ತಬ್ಬಿಕೊಂಡು ಕೂತಿದ್ದಾಗ, ತಮ್ಮ ಮನೆಯ ಹೀಟರ್ ಹೊತ್ತು ತಂದುಕೊಟ್ಟವರು ಅವರೇ. ಆಮೇಲೆ ಈ ಊರಲ್ಲಿ ನನಗೆ ಅವರಷ್ಟು ಹತ್ತಿರದವರು ಯಾರೂ ಇರಲಿಲ್ಲ.

ಹೋದ ವರ್ಷ ಆಸ್ಪತ್ರೆಯ ಪರವಾಗಿ ನಾನೊಂದು ಸಮ್ಮೇಳನಕ್ಕೆ ಜರ್ಮನಿಗೆ ಹೊರಟಿದ್ದೆ. ಊರಿನ ಹೆಸರು ಕೇಳಿದ್ದೇ ತಡ, ಬೇಲಿಯಾಚೆ ಗಿಡ ಸವರುತ್ತಿದ್ದ ಅವರು ಕತ್ತರಿ ಕೆಳಗಿಟ್ಟರು.

"ಅದು ನಾನು ಹುಟ್ಟಿ ಬೆಳೆದ ಊರು! ಆ ವಾರ ನಾನೂ ತಂಗಿಯ ಮನೆಗೆ ಹೋಗ್ತಿದ್ದೀನಿ. ಒಂದು ಸಂಜೆ ನನಗೆ ಕೊಡು, ಊರು ತೋರಿಸ್ತೀನಿ."

ಹಾಗೆ ಆ ಸಂಜೆ ನಾವಿಬ್ಬರೂ ಹೊರಟೆವು. ನದಿಯ ಮೇಲೆ ಕಲ್ಲಿನ ಸೇತುವೆ, ಒಂದಕ್ಕೊಂದು ಒರಗಿ ನಿಂತ ಮರದ ತೊಲೆಗಳ ಮನೆಗಳು, ಕಿಟಕಿಗಳಲ್ಲಿ ಕೆಂಪು ಹೂ. ಅವರು ಹುಡುಗಿಯ ಹಾಗೆ ನಡೆಯುತ್ತಿದ್ದರು. ತಂದೆಯ ಅಂಗಡಿ ಇದ್ದ ಮೂಲೆ ತೋರಿಸಿದರು. ಪ್ಲಮ್ ಹಣ್ಣು ಕದ್ದು ಸಿಕ್ಕಿಬಿದ್ದ ಕಾಂಪೌಂಡು ತೋರಿಸಿ ನಕ್ಕರು. ನನಗೂ ಖುಷಿಯಾಗಿತ್ತು.

ಆಮೇಲೆ ದೊಡ್ಡ ಚರ್ಚಿನ ಹಿಂದಕ್ಕೆ ಕರೆದುಕೊಂಡು ಹೋಗಿ, "ಮೇಲೆ ನೋಡು" ಅಂದರು.

ಗೋಡೆಯ ಎತ್ತರದಲ್ಲಿ ಕಲ್ಲಿನ ಹಂದಿಯೊಂದಿತ್ತು. ಮೊನಚು ಟೋಪಿ ಹಾಕಿದ ಗಂಡಸರು ಅದರ ಮೊಲೆಗೆ ಬಾಯಿ ಹಚ್ಚಿ ಕೂತಿದ್ದರು. ಇನ್ನೊಬ್ಬ ಬಾಲ ಎತ್ತಿ ಹಿಡಿದು ಅದರ ಹಿಂಭಾಗದೊಳಕ್ಕೆ ಇಣುಕುತ್ತಿದ್ದ.

"ಯಾರು ಇವರೆಲ್ಲ?"

"ಯಹೂದಿಗಳು. ಆ ಕಾಲದಲ್ಲಿ ಅವರ ಟೋಪಿ ಹಾಗೇ ಇರ್ತಿತ್ತು. ಚಿಕ್ಕವರಿದ್ದಾಗ ಸ್ಕೂಲು ಬಿಟ್ಟ ಮೇಲೆ ಇಲ್ಲಿಗೆ ಓಡಿಬಂದು ನೋಡಿ ಬಿದ್ದು ಬಿದ್ದು ನಗ್ತಿದ್ವಿ." ಅವರು ಈಗಲೂ ನಗುತ್ತಿದ್ದರು. ನನ್ನ ಮೊಣಕೈ ತಟ್ಟಿ, "ನಿನಗಂತೂ ಇದು ಹಿಡಿಸಬೇಕು. ನಿಮ್ಮ ಮುಸ್ಲಿಮರಿಗೆ ಹಂದೀನೂ ಆಗಲ್ಲ, ಇವರೂ ಆಗಲ್ಲ, ಅಲ್ವಾ? ಅಲ್ಲಿ ಕೆಳಗೆ ನಿಲ್ಲು, ಫೋಟೊ ತೆಗೀತೀನಿ."

ಹುಬ್ಬಳ್ಳಿಯ ನಮ್ಮ ಓಣಿಯ ಗಟಾರದಲ್ಲಿ ಹಂದಿಗಳು ಹೊರಳುತ್ತಿದ್ದರೂ ಮನೆಯೊಳಗೆ ಆ ಶಬ್ದ ಆಡಲು ಅಮ್ಮಿ ಬಿಡುತ್ತಿರಲಿಲ್ಲ. ಆದರೆ ಅಂದು ನನಗೆ ಹೇಸಿಗೆ ಹುಟ್ಟಿದ್ದು ಹಂದಿಯಿಂದಲ್ಲ. ಪಾಪ, ಆ ಗೋಡೆಯ ಮೇಲೆ ಮರ್ಯಾದೆಯಿಂದ ನಿಂತದ್ದು ಅದೊಂದೇ. ಕೀವು, ವಾಂತಿ, ಕೊಳೆತ ಗಾಯ ನನಗೆ ದಿನನಿತ್ಯದ್ದು. ಅವನ್ನು ನೋಡಿ ಬಂದು, ಕೈ ತೊಳೆದು ಸ್ಯಾಂಡ್‌ವಿಚ್ ತಿನ್ನುತ್ತೇನೆ. ಇಲ್ಲಿ ಮಾತ್ರ ಮುಖ ತಿರುಗಿಸಿಕೊಂಡೆ. ಯಾರೋ ಕೂತು, ಪುರುಸೊತ್ತಿನಿಂದ, ಬಾಲ ಹಿಡಿದ ಆ ಬೆರಳುಗಳ ಉಗುರನ್ನೂ ಬಿಡದೆ ಕೆತ್ತಿದ್ದಾನೆ. ಯಾರೋ ಅದನ್ನು ದೇವರ ಮನೆಯ ಗೋಡೆಗೆ ಏರಿಸಿದ್ದಾರೆ. ಅದರ ಕೆಳಗೇ ಜನ ಪ್ರಾರ್ಥನೆಗೆ ಹೋಗಿ ಬಂದಿದ್ದಾರೆ.

"ಫೋಟೊ ಬೇಡ," ಅಂದೆ. "ಆ ಜನ ಇಲ್ಲಿ ಇದ್ದರಾ?"

"ಇದ್ದರು. ಅವರದೇ ಒಂದು ಬೀದಿ ಇತ್ತು. ಈಗ ಅಲ್ಲಿ ಕಾರ್ ಪಾರ್ಕ್."

"ಆಮೇಲೆ ಅವರೆಲ್ಲ ಏನಾದರು?"

"ಅದೆಲ್ಲ ನಾನು ಹುಟ್ಟೋಕೆ ಮುಂಚಿನ ವಿಷಯ. ನಡಿ, ಟೇಬಲ್ ಬುಕ್ ಮಾಡಿದ್ದೀನಿ."

ಹೋದೆ. ಹೋಗಬಾರದಿತ್ತು. ಬೆಣ್ಣೆಯಲ್ಲಿ ಹುರಿದ ಮೀನು ಬಂತು. ಅವರು ಚಾಕುವಿನ ತುದಿಯಿಂದ ಒಂದೊಂದೇ ಮುಳ್ಳು ಬಿಡಿಸುತ್ತ, ಕೆಲವರು ಆ ಕೆತ್ತನೆ ತೆಗೆಯಬೇಕೆಂದು ಗಲಾಟೆ ಮಾಡುತ್ತಿದ್ದಾರೆಂದು ಹೇಳಿದರು. "ಈಗಿನವರಿಗೆ ಏನಂದ್ರೂ ನೋವು. ಅದು ನಮ್ಮೂರ ಇತಿಹಾಸ."

"ನಾಳೆ ನಮ್ಮವರನ್ನ ಹೀಗೇ ಕೆತ್ತಿದರೆ?" ಎಂದು ಕೇಳಿದೆ.

ಅವರು ಪ್ರೀತಿಯಿಂದಲೇ ನನ್ನ ಕೈಮೇಲೆ ಕೈಯಿಟ್ಟರು. "ನಿನ್ನನ್ನಾ? ನೀನು ಡಾಕ್ಟರು. ನೀನು ಅಂಥವಳಲ್ಲ, ಬಂಗಾರ."

ಆ ಕೈ ಬೆಚ್ಚಗಿತ್ತು, ಬೆಣ್ಣೆಯ ಜಿಡ್ಡು ಹತ್ತಿತ್ತು. ಎಳೆದುಕೊಂಡೆ. ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಎದ್ದು ಹೊರಗೆ ಬಂದೆ. ಹೂ ಕುಂಡಗಳ ಪಕ್ಕ ನಿಂತು ಒಂದೆರಡು ಸಲ ಓಕರಿಸಿದೆ, ಏನೂ ಬರಲಿಲ್ಲ.

ನಾನು ಇಳಿದುಕೊಂಡಿದ್ದ ಹೋಟೆಲಿನಿಂದ ಗಂಡನಿಗೆ ಫೋನ್ ಮಾಡಿದೆ. ಅವನು ಬೆಂಗಳೂರಿನವನು. ದಖನಿಯಲ್ಲಿ ಶುರುವಾದ ನಮ್ಮ ಮಾತು ಯಾವಾಗಲೂ ಅರ್ಧದಲ್ಲಿ ಕನ್ನಡಕ್ಕೆ ಹೊರಳುತ್ತದೆ.

"ವಯಸ್ಸಾದೋರು, ಏನೋ ಅಂದ್ರು, ಬಿಟ್ಹಾಕು. ನೆಕ್ಸ್ಟ್ ಡೋರ್ ಅವ್ರು, ದಿನಾ ಮುಖ ನೋಡ್ಬೇಕಲ್ಲ," ಅಂದ.

"ಅದಕ್ಕೇ ಬಿಡೋಕಾಗ್ತಿಲ್ಲ," ಅಂದೆ.

ಬೀಸ್ಟನ್‌ಗೆ ಮರಳಿದ ಮೇಲೆ ಅವರೇ ಬಾಗಿಲು ತಟ್ಟಿದರು. ಮುಖದಲ್ಲಿ ನಿಜವಾದ ಕಾಳಜಿ. "ಹೊಟ್ಟೆ ಹೇಗಿದೆ ಈಗ? ಮೀನು ಆಗಿಬರಲಿಲ್ವಾ?"

"ಮೀನು ಚೆನ್ನಾಗೇ ಇತ್ತು," ಅಂದೆ. "ನೀವಾಡಿದ ಮಾತಿಂದ ನನಗೆ ಹೇಸಿಗೆಯಾಯ್ತು."

ಅವರ ಕುತ್ತಿಗೆಯಿಂದ ಕೆಂಪು ಏರಿತು. "ಅದು ಹಳೇ ಕಲ್ಲು ಕಣೇ."

"ಕಲ್ಲಿಗಲ್ಲ ನಾನು ಹೇಳ್ತಿರೋದು. ಅದು ನನಗೆ ಹಿಡಿಸುತ್ತೆ ಅಂದ್ಕೊಂಡ್ರಲ್ಲ, ಅದಕ್ಕೆ."

ಕ್ಷಮೆ ಕೇಳಬಹುದು ಎಂದು ನಾನು ಕಾದೆ. "ಇಷ್ಟು ಸೂಕ್ಷ್ಮ ನೀನು ಅಂತ ಗೊತ್ತಿರಲಿಲ್ಲ," ಎಂದು ತಿರುಗಿ ಹೋದರು.

ಈಗಲೂ ಎದುರಾದರೆ ಮಾತಾಡುತ್ತೇವೆ. ಕಸದ ಬಿನ್ ಒಯ್ಯೋದು ಯಾವ ದಿನ, ಬಸ್ಸು ಯಾಕೆ ತಡ, ಅಷ್ಟೇ. ಅವರು ಮೊದಲಿನಷ್ಟೇ ನಗುತ್ತಾರೆ. ನಾನು ಉತ್ತರಿಸಿ ಬೇಗ ಒಳಗೆ ಬರುತ್ತೇನೆ.